ಕಡಲ ತಳದ ಅಡಿಯಲ್ಲೂ ಜೀವ



ಕುಂದಾಪುರ ಸೀಮೆಯ ಹಾಲಾಡಿಯಂಥ ಊರಿನಲ್ಲಿ ಬಾವಿ ತೋಡುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಮೊದಲ ಒಂದೆರಡು ಮೊಳದಲ್ಲಿ ಸಡಿಲ ಮಣ್ಣು, ಹುಲ್ಲಿನ ಬೇರು, ಎರೆಹುಳು, ಇರುವೆಗೂಡು. ಅದರ ಕೆಳಗೆ ಮುರಕಲ್ಲು. ಅಲ್ಲಿಯೂ ಹಲಸಿನ ಮರದ ಬೇರೊಂದು ಬಿರುಕು ಹುಡುಕಿಕೊಂಡು ಇಳಿದಿರುತ್ತದೆ. ಮುರಕಲ್ಲು ಮುಗಿದ ಮೇಲೆ ಬಣ್ಣಬಣ್ಣದ ಜೇಡಿಮಣ್ಣು. ಅಷ್ಟು ಹೊತ್ತಿಗೆ ಬೇರೂ ಇಲ್ಲ, ಹುಳುವೂ ಇಲ್ಲ. ಮೇಲೆ ನಿಂತವರಲ್ಲಿ ಯಾರಾದರೊಬ್ಬರು ಬಗ್ಗಿ ನೋಡಿ ಕೇಳುತ್ತಾರೆ: "ಅಡಿಯಂಗ್ ಎಂತ ಇತ್ತ್ ಮಾರಾಯ್ರೆ?" ಕೆಳಗಿನಿಂದ ಉತ್ತರ ಬರುತ್ತದೆ: "ಎಂತದೂ ಇಲ್ಲೆ, ಬರೀ ಜೇಡಿ."

ಕಡಲಿನ ತಳದ ಅಡಿಯಲ್ಲಿ ಏನಿದೆ ಎಂಬ ಪ್ರಶ್ನೆಗೆ ವಿಜ್ಞಾನವೂ ಬಹುಕಾಲ ಇದೇ ಉತ್ತರ ಕೊಟ್ಟಿತ್ತು. ಎಂತದೂ ಇಲ್ಲ, ಬರೀ ಕೆಸರು. ಆ ಉತ್ತರ ಹೇಗೆ ತಪ್ಪಾಯಿತು, ಆ ಕೆಸರಿನಲ್ಲಿ ಯಾರು ವಾಸವಾಗಿದ್ದಾರೆ, ಅವರು ಹೇಗೆ ಬದುಕುತ್ತಾರೆ, ಅದನ್ನು ನಾವೇಕೆ ತಿಳಿಯಬೇಕು ಎಂಬುದೇ ಈ ಮಾತುಕತೆಯ ವಿಷಯ. ತೆರೆಯ ಮೇಲೆ ಚಿತ್ರ ತೋರಿಸಿ ವಿವರಿಸುವುದು ಕಷ್ಟವಾದ ವಿಷಯವಿದು. ಅಲ್ಲಿ ಬೆಳಕಿಲ್ಲ, ಅಲ್ಲಿನ ನಿವಾಸಿಗಳು ಬರಿಗಣ್ಣಿಗೆ ಕಾಣುವುದೂ ಇಲ್ಲ. ಆದ್ದರಿಂದ ಹಾಲಾಡಿಯ ಹೊಳೆ, ಗದ್ದೆ, ಹಟ್ಟಿಗಳ ಮೂಲಕವೇ ಅಲ್ಲಿಗೆ ಇಳಿಯೋಣ.

ಮೊದಲು ಹೊಳೆಯನ್ನು ಹಿಡಿದು ಹೋಗೋಣ. ಘಟ್ಟದ ಮೇಲೆ ಹುಟ್ಟುವ ವಾರಾಹಿ, ಹೊಸಂಗಡಿಯ ಬಳಿ ನೆಲದಡಿಯ ವಿದ್ಯುದಾಗಾರಕ್ಕೆ ನೀರು ಕೊಟ್ಟು ಕೆಳಗಿಳಿಯುತ್ತದೆ. ತಗ್ಗಿನಲ್ಲಿ ಜನ ಅದನ್ನು ಹಾಲಾಡಿ ಹೊಳೆ ಎಂದೇ ಕರೆಯುತ್ತಾರೆ. ಮುಂದೆ ಅದು ಬಸ್ರೂರಿನ ಪಕ್ಕದಲ್ಲಿ ಹರಿದು, ಸೌಪರ್ಣಿಕಾ, ಚಕ್ರಾ, ಕುಬ್ಜಾ, ಕೇದಕಾ ನದಿಗಳ ಜೊತೆಗೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಆಷಾಢದ ಮಳೆಯಲ್ಲಿ ಹೊಳೆ ಕೆಂಪಾಗಿ ಹರಿಯುವುದನ್ನು ಕಂಡವರಿಗೆ ಅದು ಏನನ್ನು ಹೊತ್ತೊಯ್ಯುತ್ತದೆ ಎಂದು ಹೇಳಬೇಕಾಗಿಲ್ಲ. ಮುರಕಲ್ಲಿನ ಕೆಂಪು ಹೂಳು, ಹಾಡಿಯ ತರಗೆಲೆ, ಗದ್ದೆಯ ಕೊಳೆತ ಹುಲ್ಲು. ಇದರಲ್ಲಿ ಹೆಚ್ಚಿನ ಪಾಲು ದಡದಾಚೆಯ ಆಳವಿಲ್ಲದ ಕಡಲಿನಲ್ಲಿಯೇ ತಂಗುತ್ತದೆ. ಅತ್ಯಂತ ನವಿರಾದ ಕಣಗಳು ಇನ್ನೂ ಮುಂದೆ ಹೋಗುತ್ತವೆ. ಅರಬ್ಬೀ ಸಮುದ್ರದ ಆಳದ ತಳದಲ್ಲಿ ಅತಿ ದೊಡ್ಡ ಹೂಳಿನ ರಾಶಿ ಸಿಂಧೂ ನದಿಯದು. ಅದಕ್ಕೆ ನಮ್ಮ ಪಶ್ಚಿಮದ ನದಿಗಳ ಚಿಕ್ಕ ಪಾಲೂ ಸೇರಿದೆ. ಮೇಲಿನ ನೀರಿನಲ್ಲಿ ಹುಟ್ಟಿ ಸತ್ತ ಸೂಕ್ಷ್ಮ ಸಸ್ಯಗಳು ಮತ್ತು ಪ್ರಾಣಿಗಳ ಅವಶೇಷವೂ ಸದಾ ಉದುರುತ್ತಿರುತ್ತದೆ. ಈ ಎಲ್ಲದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಹೀಗೆ ಲಕ್ಷಾಂತರ ವರ್ಷಗಳ ಕಾಲ ಬಿದ್ದ ಎಂಜಲೇ ಕಡಲ ತಳದ ಅಡಿಯ ಜೀವಿಗಳ ಆಹಾರ.

ಈ ಆಹಾರವನ್ನು ಅವು ಹಂಚಿಕೊಳ್ಳುವ ಬಗೆ ನಮ್ಮ ದೇವಸ್ಥಾನದ ಸಮಾರಾಧನೆಯನ್ನು ನೆನಪಿಸುತ್ತದೆ. ಮೊದಲ ಪಂಕ್ತಿಗೆ ಎಲ್ಲ ಭಕ್ಷ್ಯವೂ ಇರುತ್ತದೆ. ಕೊನೆಯ ಪಂಕ್ತಿಯವರಿಗೆ ಉಳಿದ ಅನ್ನ, ತಿಳಿಸಾರು. ಕೆಸರಿನ ತೀರ ಮೇಲಿನ ಪದರದಲ್ಲಿ ಕುಳಿತ ಜೀವಿಗಳಿಗೆ ನೀರಿನಲ್ಲಿ ಕರಗಿದ ಆಮ್ಲಜನಕ ಸಿಗುತ್ತದೆ. ಅವು ನಮ್ಮಂತೆಯೇ ಉಸಿರಾಡಿ ಆಹಾರವನ್ನು ಅರಗಿಸುತ್ತವೆ. ದಡದ ಸಮೀಪದ ಕೆಸರಿನಲ್ಲಿ ಕೆಲವೇ ಮಿಲಿಮೀಟರುಗಳಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ಎರಡನೆಯ ಪಂಕ್ತಿ ನೈಟ್ರೇಟನ್ನು ಬಳಸುತ್ತದೆ. ಆಮೇಲಿನದು ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳನ್ನು. ಅವೂ ತೀರಿದ ಮೇಲೆ ಸಮುದ್ರದ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟಿನ ಸರದಿ. ಒಂದೊಂದು ಪಂಕ್ತಿ ಕೆಳಗಿಳಿದಂತೆ ಅದೇ ಆಹಾರದಿಂದ ದೊರಕುವ ಶಕ್ತಿ ಕಡಿಮೆಯಾಗುತ್ತ ಹೋಗುತ್ತದೆ. ಕಟ್ಟಕಡೆಯ ಪಂಕ್ತಿಯವರು ಮೀಥೇನ್ ಅನಿಲವನ್ನು ತಯಾರಿಸುವ ಸೂಕ್ಷ್ಮಜೀವಿಗಳು. ಇವುಗಳ ಪಾಲಿಗೆ ಉಳಿಯುವುದು ಜಲಜನಕ, ಇಂಗಾಲದ ಡೈಆಕ್ಸೈಡು ಮತ್ತು ಒಂದೆರಡು ಚಿಲ್ಲರೆ ಪದಾರ್ಥ.

ಈ ಎರಡು ಕೊನೆಯ ಪಂಕ್ತಿಗಳನ್ನು ಕಾಣಲು ಆಳ ಸಮುದ್ರಕ್ಕೆ ಹೋಗಬೇಕಾಗಿಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬುಡದ ಕಪ್ಪು ಕೆಸರಿಗೆ ಕಾಲಿಟ್ಟರೆ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಅದು ಸಲ್ಫೇಟಿನಿಂದ ಉಸಿರಾಡುವ ಬ್ಯಾಕ್ಟೀರಿಯಾಗಳು ಬಿಟ್ಟ ಗಂಧಕದ ಅನಿಲ. ಹಾಲಾಡಿಯ ಬೈಲುಗದ್ದೆಯಲ್ಲಿ ನಟ್ಟಿಯ ಹೊತ್ತಿನಲ್ಲಿ ಕಾಲಿಟ್ಟರೆ ಆ ನಾತವಿಲ್ಲ, ಬದಲಿಗೆ ಕೆಸರಿನಿಂದ ಗುಳುಗುಳು ಗುಳ್ಳೆಗಳು ಏಳುತ್ತವೆ. ಸಿಹಿನೀರಿನಲ್ಲಿ ಸಲ್ಫೇಟು ಕಡಿಮೆ. ಆದ್ದರಿಂದ ಆ ಪಂಕ್ತಿ ಬೇಗ ಎದ್ದು ಹೋಗಿ, ಮೀಥೇನ್ ತಯಾರಿಸುವವರಿಗೆ ಎಲೆ ಹಾಕಿದಂತಾಗುತ್ತದೆ. ಆ ಗುಳ್ಳೆಗಳಲ್ಲಿರುವುದು ಮೀಥೇನ್. ಹಟ್ಟಿಯ ಹಿಂದಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ದುಡಿದು ಒಲೆ ಉರಿಸುವವರೂ ಇದೇ ಬಳಗದವರು. ದನದ ಹೊಟ್ಟೆಯಲ್ಲಿರುವವರೂ ಇವರೇ. ಇವು ಬ್ಯಾಕ್ಟೀರಿಯಾಗಳಂತೆ ಕಂಡರೂ ಬ್ಯಾಕ್ಟೀರಿಯಾಗಳಲ್ಲ. ಇವು ಬೇರೆಯೇ ಆದ ಒಂದು ಮೂಲವಂಶಕ್ಕೆ ಸೇರಿದವು ಎಂದು 1977ರಲ್ಲಿ ಅಮೆರಿಕದ ಕಾರ್ಲ್ ವೂಸ್ ಮತ್ತು ಸಂಗಡಿಗರು ತೋರಿಸಿದರು. ಆ ವಂಶಕ್ಕೆ ಈಗ ಆರ್ಕಿಯಾ ಎಂದು ಹೆಸರು.

ಈ ಬಳಗ ನಮ್ಮ ಕರಾವಳಿಯಾಚೆಯ ಕಡಲ ತಳದಲ್ಲಿಯೂ ಇದೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು ಶಬ್ದದ ಮೂಲಕ. ಗೋವಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಡಗಿನಿಂದ ಶಬ್ದದ ಅಲೆಗಳನ್ನು ಕೆಳಕ್ಕೆ ಕಳುಹಿಸಿ, ಪ್ರತಿಧ್ವನಿಯಿಂದ ತಳದ ಪದರಗಳ ನಕ್ಷೆ ತೆಗೆಯುತ್ತಿದ್ದರು. ಪಶ್ಚಿಮ ಕರಾವಳಿಯ ಸಮೀಪದ ಕಡಲಿನಲ್ಲಿ ಹಲವೆಡೆ ಈ ನಕ್ಷೆ ಇದ್ದಕ್ಕಿದ್ದಂತೆ ಮಸುಕಾಗುತ್ತಿತ್ತು. ಕೆಸರಿನಲ್ಲಿ ಸಿಕ್ಕಿಕೊಂಡ ಅನಿಲ ಶಬ್ದವನ್ನು ತಡೆಯುತ್ತದೆ, ಅಡ್ಡ ಹಿಡಿದ ಕಂಬಳಿಯಂತೆ. ಸಂಸ್ಥೆಯ ಕರಿಸಿದ್ದಯ್ಯ ಮತ್ತು ವೀರಯ್ಯ ಅವರು 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಅನಿಲಭರಿತ ಕೆಸರಿನಲ್ಲಿರುವ ಮೀಥೇನ್ ವಾತಾವರಣವನ್ನು ಬಿಸಿಮಾಡುವ ಅನಿಲದ ಮೂಲವಾಗಬಹುದೆಂದು ಎಚ್ಚರಿಸಿದ್ದರು.

ಆಳ ಸಮುದ್ರದ ಕಡೆಗೆ ತಿರುಗಿದರೆ, ಅಲ್ಲಿನ ಕೆಸರನ್ನು ಪರೀಕ್ಷಿಸಿದ ಹಳಬರಲ್ಲಿ ಪ್ರಮುಖರು ಅಮೆರಿಕದ ರಿಚರ್ಡ್ ಮೊರಿಟಾ ಮತ್ತು ಕ್ಲಾಡ್ ಝೊಬೆಲ್. ಪೆಸಿಫಿಕ್ ಸಾಗರದ ಮಧ್ಯಭಾಗದಿಂದ ತೆಗೆದ ಮಣ್ಣಿನಲ್ಲಿ ಅವರು ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡಿದರು. 7.47 ಮೀಟರಿಗಿಂತ ಕೆಳಗಿನ ಮಣ್ಣಿನಿಂದ ಏನೂ ಬೆಳೆಯಲಿಲ್ಲ. ಜೀವಲೋಕದ ಅಡಿಗಟ್ಟು ಇಲ್ಲಿಗೆ ಮುಗಿಯಿತು ಎಂದು 1955ರಲ್ಲಿ ಅವರು ಬರೆದರು. ಪ್ರಯೋಗ ಪ್ರಾಮಾಣಿಕವಾಗಿಯೇ ಇತ್ತು. ಆದರೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಬೆಳೆದು ತೋರಿಸುವಂಥ ಜೀವಿಗಳು ಮಾತ್ರ ಅದರಲ್ಲಿ ಕಾಣಸಿಗುತ್ತಿದ್ದವು. ನೂರಾರು ವರ್ಷಕ್ಕೊಮ್ಮೆ ಒಡೆದು ಎರಡಾಗುವ ಜೀವಿಗಾಗಿ ಕಾದು ಕುಳಿತವರಿರಲಿಲ್ಲ. ಅಂಥದೊಂದು ಇರಬಹುದೆಂಬ ಕಲ್ಪನೆಯೂ ಆಗ ಇರಲಿಲ್ಲ.

1994ರಲ್ಲಿ ಬ್ರಿಟನ್ನಿನ ಜಾನ್ ಪಾರ್ಕ್ಸ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರದಲ್ಲಿ ಕೊರೆದು ತೆಗೆದ ಮಣ್ಣನ್ನು ಬೆಳೆಸಿ ನೋಡುವ ಜೊತೆಗೆ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳನ್ನು ನೇರವಾಗಿ ಎಣಿಸಿದರು. ತಳದಿಂದ 500 ಮೀಟರಿಗೂ ಕೆಳಗಿನ ಮಣ್ಣಿನಲ್ಲಿ ಜೀವಕೋಶಗಳಿದ್ದವು. 2002ರಲ್ಲಿ ಪೆರು ದೇಶದ ಕರಾವಳಿಯಾಚೆ, ಸೂಕ್ಷ್ಮಜೀವಿಗಳ ಅಧ್ಯಯನವನ್ನೇ ಮುಖ್ಯ ಗುರಿಯಾಗಿಟ್ಟುಕೊಂಡ ಮೊದಲ ಕೊರೆಯುವ ಯಾತ್ರೆ ನಡೆಯಿತು. ಆಮೇಲೆ ಲೋಕದ ಹಲವು ಸಾಗರಗಳ ಲೆಕ್ಕ ಸೇರಿಸಿ 2012ರಲ್ಲಿ ಒಂದು ಅಂದಾಜು ಹೊರಬಂದಿತು. ಕಡಲ ತಳದ ಅಡಿಯ ಹೂಳಿನಲ್ಲಿರುವ ಒಟ್ಟು ಜೀವಕೋಶಗಳು 29ರ ಬಲಕ್ಕೆ 28 ಸೊನ್ನೆ ಬರೆದರೆ ಆಗುವಷ್ಟು. ಅವುಗಳ ಮೈಯಲ್ಲಿರುವ ಇಂಗಾಲ ಸುಮಾರು 410 ಕೋಟಿ ಟನ್ನು. ಇಂದು ಬದುಕಿರುವ ಎಲ್ಲ ಮನುಷ್ಯರ ದೇಹದ ಇಂಗಾಲವನ್ನು ಕೂಡಿಸಿದರೂ ಇದು ಅದರ ಹತ್ತಾರು ಪಟ್ಟು.

ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಈ ಕೊರೆತ ನಡೆದಿದೆ. 2006ರಲ್ಲಿ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದ ಮೊದಲ ಯಾತ್ರೆಗೆಂದು ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಭಾರತಕ್ಕೆ ಬಂದಿತ್ತು. ಗ್ಯಾಸ್ ಹೈಡ್ರೇಟ್ ಎಂದರೆ ಒತ್ತಡ ಮತ್ತು ಚಳಿಗೆ ಸಿಕ್ಕಿ ನೀರಿನೊಂದಿಗೆ ಹೆಪ್ಪುಗಟ್ಟಿದ ಮೀಥೇನ್, ಉರಿಯುವ ಮಂಜುಗಡ್ಡೆ. ಅದರ ಒಂದು ಘನಮೀಟರ್ ಕರಗಿದರೆ ಸುಮಾರು 164 ಘನಮೀಟರ್ ಅನಿಲ ಹೊರಡುತ್ತದೆ. ಆ ಯಾತ್ರೆಯ ಮೊದಲ ಬಾವಿ ಕೇರಳ-ಕೊಂಕಣ ಕೊಳ್ಳದಲ್ಲಿ, ಗಂಗೊಳ್ಳಿಯಿಂದ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ವಾಯುವ್ಯದಲ್ಲಿ. ಅಲ್ಲಿ ಹೈಡ್ರೇಟ್ ಸಿಗಲಿಲ್ಲ. ಕೃಷ್ಣಾ-ಗೋದಾವರಿ ಕೊಳ್ಳದಲ್ಲಿ ಮಾತ್ರ ಒಂದು ಕಡೆ ನೂರು ಮೀಟರಿಗೂ ಮಿಕ್ಕಿದ ದಪ್ಪದ ಪದರವೇ ಸಿಕ್ಕಿತು. ಅಲ್ಲಿನ ಮೀಥೇನನ್ನು ಪರೀಕ್ಷಿಸಿದಾಗ ಅದರ ಬಹುಪಾಲು ಸೂಕ್ಷ್ಮಜೀವಿಗಳು ತಯಾರಿಸಿದ್ದೆಂದು ತಿಳಿಯಿತು. ನಾಳೆಯ ಇಂಧನವೆಂದು ನಾವು ಲೆಕ್ಕ ಹಾಕುತ್ತಿರುವ ನಿಧಿ ಕೊನೆಯ ಪಂಕ್ತಿಯವರ ದುಡಿಮೆ. ಕಡಲಿನ ಅಡಿಯಲ್ಲೊಂದು ಗೋಬರ್ ಗ್ಯಾಸ್ ಗುಂಡಿ ಎಂದರೂ ತಪ್ಪಲ್ಲ.

ಅದೇ ಹಡಗು 2015ರ ಮಾರ್ಚ್ ಕೊನೆಯಲ್ಲಿ ಕೊಲಂಬೊ ಬಿಟ್ಟು, ಅರಬ್ಬೀ ಸಮುದ್ರದಲ್ಲಿ ಎರಡು ತಿಂಗಳು ದುಡಿದು, ಮೇ ಕೊನೆಗೆ ಮುಂಬಯಿ ಸೇರಿತು. ಅಂತಾರಾಷ್ಟ್ರೀಯ ಸಾಗರ ಕೊರೆತ ಯೋಜನೆಯ 355ನೆಯ ಯಾತ್ರೆ ಅದು. ಭಾರತದ ಧನಂಜಯ ಪಾಂಡೆ ಮತ್ತು ಪೀಟರ್ ಕ್ಲಿಫ್ಟ್ ಅದರ ಮುಖ್ಯ ವಿಜ್ಞಾನಿಗಳು. ಗಂಗೊಳ್ಳಿಯ ಅಳಿವೆಯಿಂದ ವಾಯುವ್ಯಕ್ಕೆ ಸುಮಾರು 700 ಕಿಲೋಮೀಟರ್ ದೂರದ ಲಕ್ಷ್ಮೀ ಕೊಳ್ಳದಲ್ಲಿ ಹಡಗು ನಿಂತಿತು. ಅಲ್ಲಿ ನೀರಿನ ಆಳ 3,640 ಮೀಟರ್. ಅಷ್ಟು ನೀರಿನ ಕೆಳಗೆ ಮತ್ತೆ 1,109 ಮೀಟರ್ ಕೊರೆದರು. ಪಕ್ಕದ ಇನ್ನೊಂದು ಬಾವಿ ಹೂಳನ್ನೆಲ್ಲ ದಾಟಿ, ಸುಮಾರು ಆರು ಕೋಟಿ ವರ್ಷ ಹಳೆಯ ಬಸಾಲ್ಟ್ ಕಲ್ಲನ್ನು ಮುಟ್ಟಿತು. ನಡುವೆ ಒಂದು ಮಹಾಕುಸಿತದ ಗುರುತೂ ಸಿಕ್ಕಿತು. ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಭಾರತದ ಅಂಚಿನ ಇಳಿಜಾರೇ ಜಾರಿ ಬಿದ್ದು, ನೂರಾರು ಮೀಟರ್ ದಪ್ಪದ ಮಣ್ಣು ಆ ತಳದ ಮೇಲೆ ಹರಡಿತ್ತು. ವಿಜ್ಞಾನಿಗಳು ಅದಕ್ಕೆ ನಟರಾಜ ಕುಸಿತ ಎಂದು ಹೆಸರಿಟ್ಟಿದ್ದಾರೆ. ಅಲ್ಲಿನ ಮಣ್ಣಿನ ಕಂಬಗಳು ಇಂದು ಸಂಗ್ರಹವಾಗಿರುವುದು ಜಪಾನಿನ ಕೋಚಿ ಎಂಬ ಊರಿನಲ್ಲಿ. ಹೆಸರು ಕೇಳಿ ನಮ್ಮ ನೆರೆಯ ಕೊಚ್ಚಿ ಎಂದುಕೊಳ್ಳಬಾರದು.

ಇಷ್ಟು ಆಳದಿಂದ ಮಣ್ಣು ತೆಗೆಯುವಾಗ ದೊಡ್ಡ ತೊಡಕೆಂದರೆ ಮೈಲಿಗೆ. ಕೊರೆಯಲು ಸುರಿಯುವ ಸಮುದ್ರದ ನೀರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಸಿಕ್ಕಿದ ಜೀವಿ ಕೆಳಗಿನದೋ, ಕೊಡದ ಜೊತೆಗೆ ಇಳಿದದ್ದೋ ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಕೊರೆಯುವ ನೀರಿಗೆ ನಿಸರ್ಗದಲ್ಲಿ ಸಿಗದ ಒಂದು ರಾಸಾಯನಿಕವನ್ನು ಬೆರೆಸುತ್ತಾರೆ. ಮಣ್ಣಿನ ಕಂಬದ ಹೊರಸುತ್ತನ್ನು ಕೆತ್ತಿ ಹಾಕಿ, ನಡುವಿನ ತಿರುಳನ್ನು ಮಾತ್ರ ತೆಗೆದು, ಅದರಲ್ಲಿ ಆ ಗುರುತು ಇಲ್ಲವೆಂದು ಖಚಿತವಾದ ಮೇಲೆಯೇ ಪರೀಕ್ಷೆಗೆ ಒಪ್ಪುತ್ತಾರೆ. ತೆಂಗಿನಕಾಯಿಯ ಸಿಪ್ಪೆ, ಕರಟ ಎಲ್ಲ ಬಿಟ್ಟು ತಿರುಳನ್ನಷ್ಟೇ ತೆಗೆದುಕೊಂಡ ಹಾಗೆ.

ಹೀಗೆ ಎಚ್ಚರದಿಂದ ನೋಡಿದಾಗ ಕಂಡ ಬದುಕು ಎಂಥದು?

ಮೊದಲನೆಯದು ಹಸಿವು. ಕೆಳಗೆ ಇಳಿದಂತೆ ಆಹಾರ ಹಳತಾಗುತ್ತದೆ, ಅರಗಿಸಲು ಸುಲಭವಾದದ್ದೆಲ್ಲ ಮೇಲಿನವರು ತಿಂದು ಮುಗಿಸಿರುತ್ತಾರೆ. ಇಂಥಲ್ಲಿ ಜೀವಕೋಶ ಗಾತ್ರದಲ್ಲಿ ಕುಗ್ಗುತ್ತದೆ, ವೆಚ್ಚ ತಗ್ಗಿಸುತ್ತದೆ. ನಮ್ಮ ಕರುಳಿನ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕಡಲ ತಳದ ಅಡಿಯ ಜೀವಕೋಶಕ್ಕೆ ಅದೇ ಕೆಲಸಕ್ಕೆ ನೂರಾರು, ಕೆಲವೆಡೆ ಸಾವಿರಾರು ವರ್ಷ ಬೇಕು. ಬಸ್ರೂರು ದೊಡ್ಡ ಬಂದರಾಗಿ ಮೆರೆಯುತ್ತಿದ್ದ ಕಾಲದಲ್ಲಿ ಹುಟ್ಟಿದ ಕೋಶವೊಂದು ಇನ್ನೂ ತನ್ನ ಮೊದಲ ಸಂತಾನವನ್ನು ಕಾಣದೆ ಇರಬಹುದು.

ಎರಡನೆಯದು ರಿಪೇರಿ. ದುಡಿದ ಅಲ್ಪ ಶಕ್ತಿಯನ್ನು ಅವು ಬೆಳೆಯುವುದಕ್ಕೆ ಖರ್ಚು ಮಾಡುವುದಿಲ್ಲ. ಕಾಲ ಕಳೆದಂತೆ ಕೋಶದೊಳಗಿನ ಪ್ರೋಟೀನುಗಳ ಕಣಗಳು ತಾವಾಗಿಯೇ ಎಡಗೈ ರೂಪದಿಂದ ಬಲಗೈ ರೂಪಕ್ಕೆ ತಿರುಗಿ ಕೆಲಸಕ್ಕೆ ಬಾರದಾಗುತ್ತವೆ. ವಂಶವಾಹಿಯ ಎಳೆ ಅಲ್ಲಲ್ಲಿ ತುಂಡಾಗುತ್ತದೆ. ಅದನ್ನು ಸರಿಪಡಿಸಿಕೊಳ್ಳುತ್ತ ಇರುವುದೇ ಅವುಗಳ ಮುಖ್ಯ ಕಸುಬು. ಹಳೆಯ ಹಂಚಿನ ಮನೆಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಕೈಯಾಡಿಸಿ ಉಳಿಸಿಕೊಂಡು ಬರುವವರಂತೆ. ಹೊಸ ಮನೆ ಕಟ್ಟುವ ಚೈತನ್ಯವಿಲ್ಲ, ಹಳೆಯದನ್ನು ಬೀಳಗೊಡುವುದೂ ಇಲ್ಲ.

ಮೂರನೆಯದು ಕೂಡಿ ಬಾಳುವುದು. ಒಬ್ಬನ ಎಂಜಲು ಇನ್ನೊಬ್ಬನ ಊಟ. ಒಂದು ಜೀವಿ ಬಿಟ್ಟ ಜಲಜನಕವನ್ನು ಪಕ್ಕದವನು ತೆಗೆದುಕೊಂಡು ಹೋಗದಿದ್ದರೆ ಮೊದಲನೆಯವನ ಕೆಲಸವೂ ನಿಂತುಹೋಗುತ್ತದೆ. ಈ ಸಾಲದ ಲೆಕ್ಕಕ್ಕೆ ಒಳ್ಳೆಯ ನಿದರ್ಶನ ಜಪಾನಿನಿಂದ ಬಂದಿದೆ. 2006ರಲ್ಲಿ 2,500 ಮೀಟರಿಗೂ ಆಳದ ಕಡಲ ತಳದಿಂದ ತೆಗೆದ ಕೆಸರನ್ನು ಹಿರೊಯುಕಿ ಇಮಾಚಿ ಮತ್ತು ಸಂಗಡಿಗರು, ಕೊಳಚೆ ನೀರು ಶುದ್ಧಿಗೆ ಬಳಸುವಂಥ ಸ್ಪಂಜಿನ ತುಂಡುಗಳಲ್ಲಿ ಇಟ್ಟು, ಮೀಥೇನ್ ಕೊಟ್ಟು ವರ್ಷಗಟ್ಟಲೆ ಸಾಕಿದರು. ಹನ್ನೆರಡು ವರ್ಷಗಳ ದುಡಿಮೆಯ ಕೊನೆಗೆ ಒಂದು ಹೊಸ ಆರ್ಕಿಯಾ ಕೈಗೆ ಬಂತು. ಎರಡಾಗಲು ಅದಕ್ಕೆ ಎರಡರಿಂದ ಮೂರೂವರೆ ವಾರ ಬೇಕು. ಜೊತೆಗಾರ ಸೂಕ್ಷ್ಮಜೀವಿ ಇಲ್ಲದೆ ಅದು ಬೆಳೆಯುವುದೂ ಇಲ್ಲ. ಅದರ ವಂಶವಾಹಿಯನ್ನು ಓದಿದಾಗ, ಸಸ್ಯ, ಪ್ರಾಣಿ, ಅಣಬೆ, ಮನುಷ್ಯ ಎಲ್ಲರ ಜೀವಕೋಶಗಳಿಗೆ ಅದು ಅತ್ಯಂತ ಹತ್ತಿರದ ನಂಟ ಎಂದು ಕಂಡುಬಂತು. 2020ರಲ್ಲಿ ಇದು ಪ್ರಕಟವಾಯಿತು. ಕೊನೆಯ ಪಂಕ್ತಿಯಲ್ಲಿ ಕುಳಿತವರಲ್ಲಿ ನಮ್ಮ ದಾಯಾದಿಯೂ ಇದ್ದ ಎಂದಾಯಿತು.

ನಾಲ್ಕನೆಯದು ಬಿಸಿಯನ್ನೂ ಒತ್ತಡವನ್ನೂ ತಾಳುವುದು. ನೀರಿನಲ್ಲಿ ಹತ್ತು ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಲಕ್ಷ್ಮೀ ಕೊಳ್ಳದ ತಳದಲ್ಲಿ ಅದು ಮೇಲಿನದಕ್ಕಿಂತ 360 ಪಟ್ಟಿಗೂ ಹೆಚ್ಚು. ತಳದ ನೀರು ತಣ್ಣಗಿದ್ದರೂ ಕೆಸರಿನೊಳಗೆ ಇಳಿದಂತೆ ಭೂಮಿಯ ಬಿಸಿ ಏರುತ್ತದೆ. 2016ರಲ್ಲಿ ಚಿಕ್ಯು ಎಂಬ ಜಪಾನಿ ಹಡಗು ನಂಕಾಯ್ ಕಂದಕದಲ್ಲಿ ತಳದಿಂದ 1,180 ಮೀಟರ್ ಕೊರೆದಾಗ ಕೆಳಗಿನ ಉಷ್ಣತೆ 120 ಡಿಗ್ರಿ ಇತ್ತು. ಅಲ್ಲಿಯೂ ಕೆಲವು ಪದರಗಳಲ್ಲಿ ಜೀವಕೋಶಗಳಿದ್ದವು. ಸೋಜಿಗವೆಂದರೆ ಇವು ನಿಧಾನಿಗಳಲ್ಲ. ಬಿಸಿ ಮೈಯನ್ನು ಹಾಳುಮಾಡುವ ವೇಗಕ್ಕೆ ಸರಿಯಾಗಿ ರಿಪೇರಿಯೂ ನಡೆಯಬೇಕಾದ್ದರಿಂದ ಇವು ಬಿರುಸಾಗಿ ದುಡಿಯುತ್ತವೆ. ಜಪಾನಿನ ಇನ್ನೊಂದು ಕಡೆ 2012ರಲ್ಲಿ, ತಳದಿಂದ ಎರಡೂವರೆ ಕಿಲೋಮೀಟರ್ ಆಳದಲ್ಲಿ, ಒಂದು ಕಾಲಕ್ಕೆ ಕಾಡಾಗಿದ್ದ ನೆಲದ ಕಲ್ಲಿದ್ದಲ ಪದರದಲ್ಲಿಯೂ ಸೂಕ್ಷ್ಮಜೀವಿಗಳು ಸಿಕ್ಕಿದವು. ಅವು ಕಾಡುಮಣ್ಣಿನ ಜೀವಿಗಳನ್ನು ಹೋಲುತ್ತಿದ್ದವು. ಕಾಡು ಮುಳುಗಿ, ಕಡಲ ಅಡಿ ಸೇರಿ, ಎರಡು ಕೋಟಿ ವರ್ಷ ಕಳೆದರೂ ಒಕ್ಕಲು ಜಾಗ ಬಿಟ್ಟಿರಲಿಲ್ಲ.

ಇವೆಲ್ಲಕ್ಕಿಂತ ಬೆರಗಿನದು ತಾಳ್ಮೆ. ದಕ್ಷಿಣ ಪೆಸಿಫಿಕ್ ಸಾಗರದ ಮಧ್ಯದಲ್ಲಿ ಹೂಳು ಬೀಳುವುದೇ ಅಪರೂಪ. 2010ರಲ್ಲಿ ಅಲ್ಲಿಂದ ತೆಗೆದ ಮಣ್ಣಿಗೆ ಯುಕಿ ಮೊರೊನೊ ಮತ್ತು ಸಂಗಡಿಗರು ಸ್ವಲ್ಪ ಆಹಾರ ಕೊಟ್ಟು ಕಾದರು. 10 ಕೋಟಿ ವರ್ಷಕ್ಕೂ ಹಳೆಯ ಪದರದ ಜೀವಕೋಶಗಳು ಕೂಡ ಆಹಾರ ತೆಗೆದುಕೊಂಡು, ಬೆಳೆದು, ಎರಡಾದವು. ಡೈನೊಸಾರುಗಳು ಓಡಾಡುತ್ತಿದ್ದ ಕಾಲದ ಕೆಸರು ಅದು. ಹಿಂದೂ ಮಹಾಸಾಗರದಲ್ಲಿ ನಮ್ಮವರೇ ಇಂಥ ಒಂದು ಕೆಲಸ ಮಾಡಿದ್ದಾರೆ. ಗೋವಾದ ಸಾಗರವಿಜ್ಞಾನ ಸಂಸ್ಥೆಯ ಚಂದ್ರಲತಾ ರಘುಕುಮಾರ್ ಮತ್ತು ಸಂಗಡಿಗರು ಚಾಗೋಸ್ ಕಂದಕದ, ಲಕ್ಷಾಂತರ ವರ್ಷ ಹಳೆಯ ಕೆಸರಿನಿಂದ ಬೂಷ್ಟಿನ ಜಾತಿಯ ಶಿಲೀಂಧ್ರವನ್ನು ಬೆಳೆಸಿ 2004ರಲ್ಲಿ ವರದಿ ಮಾಡಿದರು. ಹೂಳನ್ನು ದಾಟಿ ಕೆಳಗಿನ ಬಸಾಲ್ಟಿಗೆ ಇಳಿದರೂ ಕಥೆ ಮುಗಿಯುವುದಿಲ್ಲ. ಕಲ್ಲಿನ ಬಿರುಕುಗಳಲ್ಲಿ ಹರಿಯುವ ನೀರಿನ ಜೊತೆ ಸೂಕ್ಷ್ಮಜೀವಿಗಳಿವೆ. ಇಂಥ ಆಳದಲ್ಲಿ ಮಣ್ಣು ಮತ್ತು ಕಲ್ಲುಗಳ ಸಹಜ ವಿಕಿರಣವೇ ನೀರನ್ನು ಒಡೆದು ಜಲಜನಕವನ್ನು ಒದಗಿಸುತ್ತದೆ. ಸೂರ್ಯನ ಹಂಗಿಲ್ಲದ ಊಟ ಅದು.

ಅಲ್ಲಿ ಬರೀ ಸೂಕ್ಷ್ಮಜೀವಿಗಳೇ ಇರುವುದು ಎಂಬ ಮಾತೂ ಈಗ ನಿಲ್ಲುವುದಿಲ್ಲ. 2023ರಲ್ಲಿ ಪೂರ್ವ ಪೆಸಿಫಿಕ್ ಸಾಗರದಲ್ಲಿ, 2,500 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಬಳಿ, ಯಂತ್ರದ ಕೈಯಿಂದ ತಳದ ಲಾವಾ ಚಪ್ಪಡಿಗಳನ್ನು ಎತ್ತಿ ನೋಡಿದರು. ಚಪ್ಪಡಿಯ ಅಡಿಯ ಪೊಟರೆಗಳಲ್ಲಿ ಕೊಳವೆ ಹುಳುಗಳೂ ಬಸವನಹುಳುಗಳೂ ಸಂಸಾರ ಹೂಡಿದ್ದವು. ಹೊಳೆಯ ಕಲ್ಲು ಮಗುಚಿ ಏಡಿ ಹುಡುಕುವ ಮಕ್ಕಳಿಗೆ ಈ ವಿದ್ಯೆ ಹೊಸದೇನಲ್ಲ.

ಓದುಗರೇ, ಇದೆಲ್ಲ ಕೇಳಲು ಸೊಗಸು, ನಮಗೇನು ಎಂದು ನೀವು ಕೇಳಬಹುದು. ಅದಕ್ಕೆ ಎರಡು ಉತ್ತರಗಳಿವೆ.

ಒಂದನೆಯದು ಕಾವಲು. ಕೆಳಗೆ ಹುಟ್ಟಿದ ಮೀಥೇನ್ ಮೇಲಕ್ಕೆ ಏರುವ ದಾರಿಯಲ್ಲಿ ಮೇಲಿನಿಂದ ಇಳಿಯುವ ಸಲ್ಫೇಟ್ ಎದುರಾಗುತ್ತದೆ. ಆ ಸಂಧಿಯಲ್ಲಿ ಆರ್ಕಿಯಾ ಮತ್ತು ಬ್ಯಾಕ್ಟೀರಿಯಾಗಳು ಗುಂಪುಗೂಡಿ ಕುಳಿತು ಮೀಥೇನನ್ನು ತಿಂದು ಮುಗಿಸುತ್ತವೆ. ಈ ಜೋಡಿಯನ್ನು 2000ದಲ್ಲಿ ಜರ್ಮನಿಯ ಆಂಟ್ಯೆ ಬೊಯಿಟಿಯಸ್ ಮತ್ತು ಸಂಗಡಿಗರು ಮೊದಲು ಕಣ್ಣಿಗೆ ಕಾಣುವಂತೆ ತೋರಿಸಿದರು. ಕಡಲ ತಳದಲ್ಲಿ ಹುಟ್ಟುವ ಮೀಥೇನಿನ ಬಹುಪಾಲು ನೀರಿಗೆ ಸೇರುವ ಮೊದಲೇ ಹೀಗೆ ಖರ್ಚಾಗುತ್ತದೆ. ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಬಲವಾಗಿ ಶಾಖವನ್ನು ಹಿಡಿದಿಡುವ ಅನಿಲ. ಸಂಬಳವಿಲ್ಲದ ಈ ಕಾವಲುಗಾರರು ಇಲ್ಲದಿದ್ದರೆ ಭೂಮಿಯ ಹವೆ ಬೇರೆಯೇ ಆಗಿರುತ್ತಿತ್ತು.

ಎರಡನೆಯದು ನಮ್ಮ ದೇಶದ ಮುಂದಿರುವ ತೀರ್ಮಾನ. 1981ರ ಜನವರಿ 26ರಂದು ಗವೇಷಣಿ ಎಂಬ ಹಡಗಿನಿಂದ ನಮ್ಮ ವಿಜ್ಞಾನಿಗಳು ಅರಬ್ಬೀ ಸಮುದ್ರದ ತಳದಿಂದ ಮೊದಲ ಲೋಹದ ಗಡ್ಡೆಗಳನ್ನು ಎತ್ತಿದರು. ಇಂದು ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ತಳದಲ್ಲಿ ಅಂಥ ಗಡ್ಡೆಗಳನ್ನು ಅನ್ವೇಷಿಸುವ ಹಕ್ಕು ಭಾರತಕ್ಕಿದೆ. 2021ರಲ್ಲಿ ಕೇಂದ್ರ ಸರ್ಕಾರ 4,077 ಕೋಟಿ ರೂಪಾಯಿಗಳ ಆಳ ಸಾಗರ ಯೋಜನೆಗೆ ಒಪ್ಪಿಗೆ ನೀಡಿತು. ನಿಕ್ಕಲ್, ಕೋಬಾಲ್ಟ್, ತಾಮ್ರ ನಮಗೆ ಬೇಕು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಗಡ್ಡೆ ಆಯುವಾಗ ತಳದ ಮೇಲ್ಪದರವನ್ನೂ ಕೆರೆಯಬೇಕಾಗುತ್ತದೆ. ಮೊದಲ ಪಂಕ್ತಿಗಳು ಕುಳಿತಿರುವುದು ಅಲ್ಲಿಯೇ. ಪೆರು ದೇಶದಾಚೆಯ ಆಳ ಕಡಲಿನಲ್ಲಿ 1989ರಲ್ಲಿ ಪರೀಕ್ಷೆಗಾಗಿ ತಳವನ್ನು ಉತ್ತು ಬಿಟ್ಟಿದ್ದರು. 26 ವರ್ಷಗಳ ಬಳಿಕ ಹೋಗಿ ನೋಡಿದರೆ ನೇಗಿಲ ಗೆರೆ ಹಾಗೆಯೇ ಇತ್ತು, ಅಲ್ಲಿನ ಸೂಕ್ಷ್ಮಜೀವಿಗಳ ಚಟುವಟಿಕೆ ಇನ್ನೂ ಚೇತರಿಸಿಕೊಂಡಿರಲಿಲ್ಲ. ನಮ್ಮ ಗದ್ದೆ ಒಂದು ಮಳೆಗೆ ಮರೆಯುವ ಉಳುಮೆಯನ್ನು ಆ ನೆಲ ಒಂದು ತಲೆಮಾರಿಗೂ ಮರೆಯಲಿಲ್ಲ.

ನಮ್ಮ ಸೀಮೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಗ ಜಮೀನಿನ ಅಂಚಿನ ಕುಮ್ಕಿ ಭೂಮಿ ಕಡತದಲ್ಲಿ ಬರೀ ಸರ್ಕಾರಿ ಜಾಗ. ದೂರದಿಂದ ನೋಡುವವರಿಗೆ ಹಾಡಿ ಎಂದರೆ ಪಾಳುಬಿದ್ದ ಕುರುಚಲು. ಆದರೆ ಹಟ್ಟಿಗೆ ಸೊಪ್ಪು ಬರುವುದು ಅಲ್ಲಿಂದ, ಹಟ್ಟಿಯ ಗೊಬ್ಬರದಿಂದ ಗದ್ದೆ, ಗದ್ದೆಯಿಂದ ಊಟ. ಏನೂ ಇಲ್ಲ ಎಂದು ಬರೆದುಕೊಂಡ ಜಾಗದಲ್ಲಿ ಏನಿತ್ತು ಎಂದು ತಿಳಿಯುವುದು ಎಷ್ಟೋ ಸಲ ಅದು ಹೋದ ಮೇಲೆ. ಕಡಲ ತಳವನ್ನು ಹಾಗೆ ಬರೆದುಕೊಳ್ಳುವ ತಪ್ಪು ಆಗಬಾರದು. ಆ ನೆಲವನ್ನು ಮುಟ್ಟುವ ಮೊದಲು ಅಲ್ಲಿನ ಒಕ್ಕಲುಗಳ ಎಣಿಕೆಯಾಗಬೇಕು, ಎಷ್ಟು ಭಾಗವನ್ನು ಮುಟ್ಟದೆ ಬಿಡಬೇಕೆಂದು ಮೊದಲೇ ಗೆರೆ ಎಳೆಯಬೇಕು. ಅರಬ್ಬೀ ಸಮುದ್ರವನ್ನು ಕೊರೆದ ಜಾಯ್ಡಿಸ್ ರೆಸಲ್ಯೂಷನ್ ಹಡಗಿನ ವೈಜ್ಞಾನಿಕ ಯಾತ್ರೆಗಳು 2024ರಲ್ಲಿ ನಿಂತುಹೋದವು. ಎಣಿಸುವ ಸಾಧನ ಕಡಿಮೆಯಾಗುತ್ತಿರುವ ಹೊತ್ತಿನಲ್ಲಿ ಕೆರೆಯುವ ಸಾಧನ ಸಿದ್ಧವಾಗುತ್ತಿದೆ ಎಂಬುದೇ ಚಿಂತೆಯ ಮಾತು. ಸಾಗರವಿಜ್ಞಾನ ಓದಬೇಕೆಂಬ ಆಸೆಯಿರುವ ನಮ್ಮ ಕರಾವಳಿಯ ಹುಡುಗ ಹುಡುಗಿಯರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಈ ಮಳೆಗಾಲದಲ್ಲಿ ಹಾಲಾಡಿ ಸೇತುವೆಯ ಮೇಲೆ ನಿಂತು ಕೆಂಪು ಹೊಳೆಯನ್ನು ನೋಡುವ ಅವಕಾಶ ನಿಮಗೆ ಸಿಕ್ಕಿದರೆ, ಆ ನೀರಿನಲ್ಲಿ ತೇಲಿ ಹೋಗುವ ಒಂದು ತರಗೆಲೆಯನ್ನು ಗಮನಿಸಿ. ಅದರ ಒಂದು ಚೂರು ಕಡಲಿನ ಕೆಸರಿನಲ್ಲಿ ಹೂತು, ನಾವು ಹೋಗಿ ಎಷ್ಟೋ ಕಾಲವಾದ ಮೇಲೆ, ಕೊನೆಯ ಪಂಕ್ತಿಯಲ್ಲಿ ಕುಳಿತ ಯಾವುದೋ ಜೀವಿಯ ಒಂದು ದಿನದ ಊಟವಾಗಬಹುದು. ಇನ್ನು ಮುಂದೆ ಯಾರಾದರೂ ಕಡಲಿನ ಕಡೆ ಕೈತೋರಿಸಿ "ಅಡಿಯಂಗ್ ಎಂತ ಇತ್ತ್?" ಎಂದು ಕೇಳಿದರೆ, ಎಂತದೂ ಇಲ್ಲೆ ಎಂದು ಹೇಳಬೇಡಿ. ಜನ ಇದ್ದಾರೆ ಎನ್ನಿ. ಊಟಕ್ಕೆ ಕುಳಿತಿದ್ದಾರೆ, ನಿಧಾನವಾಗಿ ಉಣ್ಣುತ್ತಿದ್ದಾರೆ.